ಕೋಥರೂಡದ ಮನೆಯ ಬಿಳಿ ಸಮುದ್ರ

"ಇಕಿ ಬಿ.ಎಸ್ಸಿ. ಮುಗಿಸಿದ ದಿನ ನಾನು ಎಲಿ ಮಾರೂದು ಬಿಡ್ತೇನಿ" ಎಂದು ನನ್ನತ್ತ ಕೈ ತೋರಿಸಿ, ಪುಣೆಯ ಬಿಬವೇವಾಡಿಯ ನಮ್ಮ ಓಣಿಗೆಲ್ಲ ಕೇಳಿಸುವಂತೆ ಹೇಳಿದವಳು ನಮ್ಮ ಅತ್ತಿ, ಅಪ್ಪನ ಅಕ್ಕ. ಬಿಡುವ ಮನಸ್ಸೇನೂ ಅವಳಿಗೆ ಇರಲಿಲ್ಲ. ಎಲೆ, ಅಡಿಕೆ, ಸುಣ್ಣದ ಆ ಸಣ್ಣ ಅಂಗಡಿಯಿಂದಲೇ ನಮ್ಮ ಮನೆಯ ಒಲೆ ಅರ್ಧ ಉರಿಯುತ್ತಿತ್ತು. ಉಳಿದರ್ಧ ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊತ್ತು ತರುತ್ತಿದ್ದ. ಎಂದೂ ಆಗದ ಕೆಲಸವೆಂಬ ಧೈರ್ಯದ ಮೇಲೆ ಕಟ್ಟಿದ ಪಣ ಅದು. ಯಾಕೆ ಆಗದು ಎಂದು ಕೇಳಿದರೆ ಅವಳ ಉತ್ತರ ಸಿದ್ಧ ಇರುತ್ತಿತ್ತು. "ನಮ್ಮ ಮನಿತನಕ್ಕ ಓದಿನ ಋಣ ಇಲ್ಲವಾ. ನಿಮ್ಮಪ್ಪ ಏಳನೇತ್ತಕ್ಕ ಬಿಟ್ಟ. ನಿಮ್ಮ ಕಾಕಾ ಮೆಟ್ರಿಕ್ ಪರೀಕ್ಷಾದಾಗಿಂದ ಎದ್ದು ಓಡಿದ. ಕಡೀ ಮೆಟ್ಟಲದಾಗ ಏನರೆ ಒಂದು ಆಗೇ ಆಗ್ತದ."

ನನ್ನ ಕಡೆಯ ಮೆಟ್ಟಿಲಲ್ಲಿ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕೆಮಿಸ್ಟ್ರಿಯಲ್ಲಿ ಕೊನೆಯ ವರ್ಷ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಕೆಲಸ. ಮನೆಮನೆಗೆ ಹೋಗಿ ಮೀನಿನ ತೊಟ್ಟಿ ತೊಳೆಯುವುದು, ನೀರು ಬದಲಿಸುವುದು, ಪಂಪು ಬಿಚ್ಚಿ ಕೂಡಿಸುವುದು. ಹೆಚ್ಚಿನವು ಸಿಹಿನೀರಿನ ತೊಟ್ಟಿಗಳು. ಕೋಥರೂಡದ ಒಂದು ಸೊಸೈಟಿಯ ಮೂರನೇ ಮಹಡಿಯಲ್ಲಿ ಮಾತ್ರ ಉಪ್ಪುನೀರಿನ ತೊಟ್ಟಿ ಇತ್ತು. ಅದನ್ನೇ ನಾನು ಕಾಲೇಜಿನ ಪ್ರಾಜೆಕ್ಟಿಗೆ ಆರಿಸಿಕೊಂಡೆ: ಮನೆಯೊಳಗಿನ ಸಮುದ್ರದ ನೀರು ದಿನಗಳೆದಂತೆ ಹೇಗೆ ಬದಲಾಗುತ್ತದೆ ಎಂಬ ವಿಷಯ. ಪ್ರಾಜೆಕ್ಟಿನ ಮೇಲೆ ಸರ್ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಪರೀಕ್ಷೆ ಇಲ್ಲದಿದ್ದರೆ ಡಿಗ್ರಿ ಇಲ್ಲ. ಲೆಕ್ಕ ಅಷ್ಟು ಸರಳ ಇತ್ತು.

ಆ ಮನೆಯವರು ಧಾರವಾಡದ ಕಡೆಯವರು. ಯಜಮಾನರು ಸರಕಾರಿ ಆಫೀಸಿನಲ್ಲಿ ಕ್ಲಾರ್ಕ್. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಒಬ್ಬನೇ ಮಗ, ಸರಕಿನ ಹಡಗಿನಲ್ಲಿ ಕೆಲಸ. ರಜೆಗೆ ಬಂದಾಗ ತೊಟ್ಟಿ ಕಟ್ಟಿ, ಮೀನು ಬಿಟ್ಟು, "ಅವ್ವಾ, ಇವನ್ನ ನೋಡಿಕೋ" ಎಂದು ಹೇಳಿ ಹೋಗಿದ್ದ. ಹಡಗು ಬಂದರಿಗೆ ತಾಗಿದರೆ ಮಾತ್ರ ಅವನ ಫೋನು. ಆ ಸಲ ಭಾಳ ದಿನದಿಂದ ಫೋನು ಬಂದಿರಲಿಲ್ಲ.

"ಸಮುದ್ರ ಮನೀಗೇ ಬಂದದ ನೋಡವಾ," ಎಂದು ಯಜಮಾನರು ಮೊದಲ ದಿನ ನನಗೆ ತೊಟ್ಟಿ ತೋರಿಸಿ ನಕ್ಕಿದ್ದರು. "ಆದ್ರ ನಮ್ಮ ಮನ್ಯಾಗ ಉಳ್ಳಾಗಡ್ಡಿನೂ ತಿನ್ನಂಗಿಲ್ಲ. ಶುದ್ಧ ಶಾಕಾಹಾರಿ ಸಮುದ್ರ ಇದು."

ಕಾಕು ನಗಲಿಲ್ಲ. "ಮೀನಿನ ಮುಂದ ಅಂಥಾ ಮಾತು ಆಡಬ್ಯಾಡ್ರಿ" ಎಂದರು.

ತೊಟ್ಟಿಯಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು, ಒಂದಿಷ್ಟು ನೀಲಿ ಡ್ಯಾಮ್ಸೆಲ್ ಮೀನು. ತಳದಲ್ಲಿ ಹವಳದ ಪುಡಿಮರಳು, ಅದರ ಕೆಳಗೆ ನೀರು ಸೋಸುವ ಜಾಲರಿ, ಮೇಲೆ ನೀರು ತಿರುಗಿಸುವ ಪಂಪು. ಮೊದಲ ಕೆಲವು ವಾರ ನೀರು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿಯಾಗಿತ್ತು.

ಆಮೇಲೆ ಒಂದು ಶನಿವಾರ ಬಾಗಿಲು ತೆಗೆದ ಕಾಕು ಪಕ್ಕಕ್ಕೆ ಸರಿದರು. ಕಿಟಕಿಗೆ ಪರದೆ ಎಳೆದಿತ್ತು. ಗೋಡೆಯ ಹತ್ತಿರ ತೊಟ್ಟಿ ಇದ್ದ ಜಾಗದಲ್ಲಿ ಬೆಳ್ಳಗೆ ಒಂದು ಚೌಕ ನಿಂತಿತ್ತು, ಪೊರೆ ಬಂದ ಕಣ್ಣಿನ ಹಾಗೆ. ಒಳಗೆ ದೀಪ ಉರಿಯುತ್ತಿದ್ದುದರಿಂದ ಆ ಬಿಳುಪು ತಾನೇ ಹೊಳೆಯುವಂತಿತ್ತು. ನಾನು ಹತ್ತಿರ ಹೋದೆ. ಮೀನು ಒಂದೂ ಇಲ್ಲ. ನೋಡುತ್ತಿದ್ದಂತೆ ಬಿಳುಪಿನೊಳಗಿಂದ ಒಂದು ಕಿತ್ತಳೆ ಮುಖ ಗಾಜಿನವರೆಗೆ ಬಂದು, ಬಾಯಿ ತೆರೆದು ಮುಚ್ಚಿ, ಹಿಂದಕ್ಕೆ ಸರಿದು ಅಳಿಸಿಹೋಯಿತು.

"ಮಾತಾಡಿಧಂಗ ಮಾಡ್ತದ, ನೋಡಿದೇನು?" ಕಾಕು ನನ್ನ ಹಿಂದೆ ನಿಂತು ಕೇಳಿದರು.

"ಉಸಿರು ಸಾಲವಲ್ದು ಅದಕ್ಕ, ಕಾಕು" ಎಂದೆ.

ನೀರು ಬೆಳ್ಳಗಾಗುವುದಕ್ಕೆ ನನಗೆ ಗೊತ್ತಿದ್ದ ಮೊದಲ ಕಾರಣ ಬ್ಯಾಕ್ಟೀರಿಯಾ. ಹೊಸ ತೊಟ್ಟಿಯಲ್ಲಿ ಮೀನಿನ ಹೊಲಸು ಹೆಚ್ಚಾದರೆ ಅವು ಒಮ್ಮೆಲೇ ಬೆಳೆದು ನೀರು ಹಾಲಾಗುತ್ತದೆ. ಅಮೋನಿಯಾ ನೋಡಿದೆ, ತುಸು ಹೆಚ್ಚಿತ್ತು. ಊಟ ಕಡಿಮೆ ಮಾಡಿಸಿದೆ, ಕಾಲು ಭಾಗ ನೀರು ಬದಲಿಸಿದೆ, ಗಾಳಿ ಹೆಚ್ಚು ಕೊಟ್ಟೆ. ನೀರು ತಿಳಿಯಾಯಿತು. ಪ್ರಾಜೆಕ್ಟಿನಲ್ಲಿ ಬ್ಯಾಕ್ಟೀರಿಯಾ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಮುಂದಿನ ತಿಂಗಳು ಮತ್ತೆ ಬೆಳ್ಳಗಾಯಿತು. ಈ ಸಲ ಅಮೋನಿಯಾ ಇರಲೇ ಇಲ್ಲ. ಒಂದು ನೀಲಿ ಮೀನು ಸತ್ತಿತ್ತು. ಕಾಕು ಅದನ್ನು ಬಾಳೆಲೆಯಲ್ಲಿ ಸುತ್ತಿ, ತುಳಸಿ ಕುಂಡದ ಪಕ್ಕ ಇಟ್ಟು, ಏನು ಮಾಡಬೇಕೆಂದು ತಿಳಿಯದೆ ನನಗಾಗಿ ಕಾಯುತ್ತಿದ್ದರು.

ಅಂಗಡಿಯ ಸೇಠ ಮರಾಠಿಯವರು, ಒಳ್ಳೆಯ ಮನುಷ್ಯರೇ, ಆದರೆ ತಪ್ಪು ಯಾರದೆಂದು ಮೊದಲು ಗೊತ್ತುಮಾಡಿ ಕಾರಣ ಆಮೇಲೆ ಹುಡುಕುವವರು. "ಅಗಂ ಪೋರೀ, ಉಪ್ಪು ಕಲಸೋಕೆ ಬರಲ್ವಾ ನಿನಗೆ?" ಎಂದು ಗಿರಾಕಿಗಳ ಎದುರಿಗೇ ಕೇಳಿದರು. ಅವರ ಮಾತಿನಲ್ಲಿ ಅರ್ಥ ಇತ್ತು. ಸಮುದ್ರದ ಉಪ್ಪನ್ನು ನೀರಿಗೆ ಹಾಕಬೇಕು. ಉಪ್ಪಿನ ಮೇಲೆ ನೀರು ಸುರಿದರೆ ಅದರೊಳಗಿನ ಕ್ಯಾಲ್ಸಿಯಂ ಕೂಡಲೇ ಬೆಳ್ಳಗೆ ಒಡೆಯುತ್ತದೆ, ಮತ್ತೆ ಕರಗುವುದಿಲ್ಲ. ಹೊಸಬರು ಮಾಡುವ ತಪ್ಪು. ನಾನು ಮಾಡಿರಲಿಲ್ಲ. ಮುಂದಿನ ಸಲ ಅವರೆದುರಿಗೇ ಡ್ರಮ್ಮಿನಲ್ಲಿ ನೀರು ತುಂಬಿ, ಉಪ್ಪು ಹಾಕಿ, ರಾತ್ರಿಯಿಡೀ ಪಂಪು ತಿರುಗಲು ಬಿಟ್ಟು, ಮರುದಿನ ಉಪ್ಪಿನ ಪ್ರಮಾಣ ಅಳೆಯುವ ಹೈಡ್ರೋಮೀಟರ್ ತೇಲಿಸಿ ತೋರಿಸಿದೆ. ಕನ್ನಡಿಯಂಥ ನೀರು. ಅದನ್ನೇ ಕ್ಯಾನಿನಲ್ಲಿ ತುಂಬಿ ಸಿಟಿ ಬಸ್ಸಿನಲ್ಲಿ ಕಾಲ ನಡುವೆ ಹಿಡಿದುಕೊಂಡು ಒಯ್ದೆ.

ಆ ತಿಂಗಳೂ ತೊಟ್ಟಿ ಬೆಳ್ಳಗಾಯಿತು. ಹಿಂದಿಗಿಂತ ದಟ್ಟವಾಗಿ. ಇನ್ನೆರಡು ನೀಲಿ ಮೀನು ಹೋದವು.

ಕಾಲೇಜಿನ ಸರ್ ನನ್ನ ಅಳತೆಗಳನ್ನೆಲ್ಲ ಓದಿ ಕನ್ನಡಕ ತೆಗೆದಿಟ್ಟರು. "ಬ್ಯಾಕ್ಟೀರಿಯಾ ಅಂದೆ, ಅಲ್ಲ. ಉಪ್ಪು ಅಂದೆ, ಅಲ್ಲ. ನೀರು ಬೆಳ್ಳಗಾಯಿತು ಅಂತ ಹೇಳೋದಕ್ಕೆ ಕೆಮಿಸ್ಟ್ರಿ ಯಾಕೆ ಬೇಕು? ಕಾರಣ ತೊಗೊಂಡು ಬಾ, ಸಹಿ ಮಾಡ್ತೀನಿ." ಅತ್ತಿಯ ಮಾತು ಆಗ ಕಿವಿಯಲ್ಲಿ ಕೂತಿತು. ಕಡೀ ಮೆಟ್ಟಲು.

ಮೂರನೆಯ ಊಹೆ ಕರೆಂಟಿನದು. ಪುಣೆಯಲ್ಲಿ ಗುರುವಾರ ರಿಪೇರಿ ಹೆಸರಿನಲ್ಲಿ ಗಂಟೆಗಟ್ಟಲೆ ಲೈಟ್ ಹೋಗುತ್ತಿತ್ತು. ಪಂಪು ನಿಂತರೆ ಮರಳಿನ ಕೆಳಗೆ ಉಸಿರಿಲ್ಲದೆ ನೀರು ಕೊಳೆಯಬಹುದು. ಒಂದು ಗುರುವಾರ ಕಾಲೇಜು ಬಿಟ್ಟು ಆ ಮನೆಯಲ್ಲೇ ಕೂತೆ. ಲೈಟ್ ಹೋಯಿತು. ಫ್ಯಾನು, ಪಂಪು, ಕೆಳಗಿನ ಮನೆಯ ಮಿಕ್ಸರು, ಎಲ್ಲ ಒಮ್ಮೆಲೇ ಬಾಯಿ ಮುಚ್ಚಿದವು. ಆ ಮನೆ ಅಷ್ಟು ನಿಶ್ಶಬ್ದ ಆಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಕಾಕು ತೊಟ್ಟಿಯ ಎದುರು ಮಣೆ ಹಾಕಿ ಕೂತಿದ್ದರು.

"ಕೇಳಸ್ತದೇನು?" ಎಂದರು.

"ಏನ್ರಿ?"

"ಪಂಪು ನಿಂತದ. ಆದ್ರೂ ಒಳಗ ಸಪ್ಪಳ ಆಗ್ತದ, ಕೇಳು."

ಕೇಳಿಸಿತು. ಗುಳುಕ್. ತಡೆದು ಮತ್ತೆ ಗುಳುಕ್. ನೀರಿನಡಿ ಯಾರೋ ನುಂಗುತ್ತಿರುವಂತೆ. ಮರಳಿನಲ್ಲಿ ಸಿಕ್ಕಿಕೊಂಡ ಗಾಳಿ ಬಿಡುಗಡೆಯಾಗುತ್ತಿದೆ ಎಂದು ಹೇಳಿದೆ. ಅದು ನಿಜವೂ ಹೌದು.

"ಕತ್ತಲಾದ್ರ ಇದಕಿಂತ ಹೆಚ್ಚು ಬರ್ತದ" ಎಂದರು ಕಾಕು. ಆಮೇಲೆ ದನಿ ತಗ್ಗಿಸಿ, "ನೀ ಗುರುವಾರ ಗುರುವಾರ ಅಂತೀ. ಗುರುವಾರ ಅಲ್ಲ ತಂಗಿ. ಅಮಾಸಿ. ಪ್ರತಿ ಅಮಾಸಿ ಮರುದಿನ ಇದು ಬೆಳ್ಳಗಾಗ್ತದ."

ಲೈಟ್ ಬಂತು. ನೀರು ತಿಳಿಯಾಗಿಯೇ ಇತ್ತು. ಕರೆಂಟಿನ ಊಹೆಯೂ ಬಿದ್ದುಹೋಯಿತು.

ಸೈನ್ಸ್ ಓದುವವಳು ನಾನು, ಅಮಾವಾಸ್ಯೆಯ ಮಾತನ್ನು ಸರ್ ಮುಂದೆ ಹೇಗೆ ಇಡಲಿ? ಬಸ್ಸಿನಲ್ಲಿ ಬರುತ್ತ ಎಣಿಸಿ ನೋಡಿದೆ. ಕಾಕು ಹೇಳಿದ್ದು ಸರಿಯಾಗಿತ್ತು. ಚಂದ್ರನಿಗೂ ಗಾಜಿನ ತೊಟ್ಟಿಗೂ ಸಂಬಂಧ ಇರಲಾರದು. ಇದ್ದರೆ ನಾನು ಕಲಿತದ್ದೆಲ್ಲ ಬರೀ ಗೋಡೆಯ ಬಣ್ಣ. ಆದರೆ ಬೆಳ್ಳಗಾದ ಮೇಲೆ ನಾನು ಅಲ್ಲಿಗೆ ಹೋಗುತ್ತಿದ್ದದ್ದು ಶನಿವಾರಕ್ಕೆ, ಅಂದರೆ ಎಷ್ಟೋ ದಿನ ತಡವಾಗಿ. ನಡುವೆ ಏನು ಬಂದು ಏನು ಇಳಿದುಹೋಗುತ್ತಿತ್ತೋ ನಾನು ನೋಡಿರಲಿಲ್ಲ. ಈ ಸಲ ಅಮಾವಾಸ್ಯೆಯ ಮರುಬೆಳಿಗ್ಗೆಯೇ ಹೋಗಬೇಕು ಎಂದು ನಿರ್ಧರಿಸಿದೆ. ಹೇಳದೆ ಹೋಗಬೇಕು.

ಬಾಗಿಲು ತೆಗೆದ ಕಾಕುವಿನ ಮುಖ ಬಿಳಿಚಿತ್ತು. ತೊಟ್ಟಿ ಗೋಡೆಗೆ ಸುಣ್ಣ ಬಳಿದಂತೆ ಬೆಳ್ಳಗೆ. ಎರಡೂ ಕ್ಲೌನ್ ಮೀನು, ಉಳಿದಿದ್ದ ಒಂದೇ ನೀಲಿ ಮೀನು ನೀರಿನ ಮೇಲ್ಮೈಗೆ ಬಂದು ಒಂದಕ್ಕೊಂದು ಅಂಟಿಕೊಂಡು ಏದುತ್ತಿದ್ದವು. ಮೊದಲು ಅವನ್ನು ನಾನು ಕ್ಯಾನಿನಲ್ಲಿ ತಂದಿದ್ದ ಉಪ್ಪುನೀರಿನ ಬಕೆಟ್ಟಿಗೆ ದಾಟಿಸಿ ಗಾಳಿ ಬಿಟ್ಟೆ. ಆಮೇಲೆ ತೊಟ್ಟಿಯ ನೀರಿಗೆ ಪಿ.ಎಚ್. ನೋಡುವ ಹನಿ ಹಾಕಿದೆ. ಆ ಹನಿಯ ಪೆಟ್ಟಿಗೆಯ ಜೊತೆ ಬಣ್ಣದ ಒಂದು ಪಟ್ಟಿ ಇರುತ್ತದೆ. ನನ್ನ ನೀರಿನ ಬಣ್ಣ ಆ ಪಟ್ಟಿಯ ಕಡೆಯ ಬಣ್ಣವನ್ನೂ ದಾಟಿ ಹೋಗಿತ್ತು. ಅಂದರೆ ನೀರಿಗೆ ಕ್ಷಾರದ ಗುಣ ಬಂದಿತ್ತು, ಸೋಪಿನ ನೀರಿನಂತೆ. ಯಾವ ಬ್ಯಾಕ್ಟೀರಿಯಾವೂ ಇದನ್ನು ಮಾಡುವುದಿಲ್ಲ.

ಒಂದು ಗ್ಲಾಸಿನಲ್ಲಿ ನೀರು ಹಿಡಿದು ಅಲುಗದಂತೆ ಇಟ್ಟೆ. ಕಾಕು ಚಹಾ ಮಾಡಿ ತರುವಷ್ಟರಲ್ಲಿ ಮೇಲಿನ ನೀರು ತಿಳಿಯಾಗತೊಡಗಿ ತಳದಲ್ಲಿ ಬಿಳಿ ಪುಡಿ ಕೂತಿತು. ಜೀವ ಇದ್ದದ್ದು ಹೀಗೆ ಕೂಡುವುದಿಲ್ಲ. ಪಂಪು ತೊಳೆಯಲು ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದ ವಿನೆಗರನ್ನು ಪುಡಿಯ ಮೇಲೆ ಹನಿಸಿದೆ. ಸೊಂಯ್ ಎಂದು ನೊರೆ ಎದ್ದಿತು. ಪಂಪಿನ ಮೂತಿಗೆ ಕಟ್ಟಿದ್ದ ಬಿಳಿ ಹಕ್ಕಳೆಗೂ ಹಾಗೆಯೇ. ಸುಣ್ಣ. ನಮ್ಮ ಅತ್ತಿಯ ಅಂಗಡಿಯ ಪಾತ್ರೆಯ ಅಂಚಿಗೆ ಕಟ್ಟುವುದೂ ಇದೇ.

ಬಂದದ್ದು ಎಲ್ಲಿಂದ? ತೊಟ್ಟಿಯ ಸುತ್ತ ಬಗ್ಗಿ ನೋಡುತ್ತ ಹೋದೆ. ಹಿಂದಿನ ಮೂಲೆಯಲ್ಲಿ, ಗಾಜಿನ ಹೊರಮೈ ಮೇಲೆ, ಅಂಚಿನಿಂದ ಕೆಳಗಿಳಿದ ಒಂದು ಕೆಂಪು ಗೆರೆ ಇತ್ತು. ಒಣಗಿದ ನೆತ್ತರಿನ ಬಣ್ಣ. ಒಂದು ಕ್ಷಣ ಕೈ ಮುಂದೆ ಹೋಗಲಿಲ್ಲ. ಕೈಯಲ್ಲಿ ವಿನೆಗರಿನ ಹತ್ತಿ ಇತ್ತು, ಅದರಿಂದಲೇ ಒರೆಸಿದೆ. ನನ್ನ ಕಣ್ಣೆದುರೇ ಕೆಂಪು ಹಳದಿಯಾಯಿತು.

ಅರಿಷಿಣ. ಅರಿಷಿಣಕ್ಕೆ ಸುಣ್ಣ ತಾಗಿದರೆ ಕೆಂಪು, ಹುಳಿ ತಾಗಿದರೆ ಮತ್ತೆ ಹಳದಿ. ಇದನ್ನು ಕಲಿಯಲು ಕಾಲೇಜು ಬೇಡ; ಬಾಣಂತಿ ಮನೆಗೆ ಬಂದರೆ, ಮದುಮಕ್ಕಳು ಹೊಸ್ತಿಲಲ್ಲಿ ನಿಂತರೆ ತಾಟಿನಲ್ಲಿ ತಿರುಗಿಸುವ ಕೆಂಪು ಆರತಿ ಅದೇ ಅಲ್ಲವೇ.

ತಿರುಗಿ ನೋಡಿದೆ. ಕಾಕು ಚಹಾದ ಕಪ್ಪು ಹಿಡಿದು ನಿಂತೇ ಇದ್ದರು. ನನ್ನ ಕೈಯ ಹತ್ತಿಯನ್ನು ನೋಡುತ್ತಿದ್ದರು.

"ಕಾಕು, ಆರತಿ ನೀರು ಇದರಾಗ ಹಾಕ್ತೀರೇನು?"

ಕಪ್ಪು ಕೆಳಗಿಟ್ಟು ಅವರು ಮಣೆಯ ಮೇಲೆ ಕೂತರು. "ಅಮಾಸಿ ದಿನ ದೀಪ ಹಚ್ಚೂ ಹೊತ್ತಿಗೆ ಅವನ ದೃಷ್ಟಿ ತಗೀತೇನಿ. ಎದುರಿಗೆ ಅವಾ ಇಲ್ಲ. ಅದಕ್ಕ ಅವನ ಮೀನಿಗೇ ಆರತಿ ಎತ್ತತೇನಿ. ಆ ನೀರು ರಸ್ತೆದಾಗ ಚೆಲ್ಲಬೇಕು, ಖರೆ. ಆದ್ರ ಅವಾ ಇರೂದು ಉಪ್ಪುನೀರಿನ ಮ್ಯಾಲ. ಕೋಥರೂಡದ ರಸ್ತೆದಾಗ ಚೆಲ್ಲಿದ್ರ ಅವಗ ಹ್ಯಾಂಗ ಮುಟ್ಟಬೇಕು? ನನ್ನ ಕೈಗೆ ಸಿಗೂ ಸಮುದ್ರ ಅಂದ್ರ ಇದೊಂದಽ."

ಹತ್ತಿಯನ್ನು ಕೆಳಗಿಟ್ಟು ನಾನೂ ಅವರೆದುರು ಕೂತೆ.

"ಕೆಂಪು ಹಾಕಿದ್ರ ಕೆಂಪು ಎಲ್ಲಿ ಹೋಗ್ತದೋ ಕಾಣಂಗಿಲ್ಲ. ಬೆಳ್ಳಗಾಗಿ ಎದ್ದು ಬರ್ತದ. ಇಷ್ಟು ದೃಷ್ಟಿ ತಾಗೇದಲ್ಲಾ ನನ್ನ ಕೂಸಿಗೆ ಅಂತ ಎದಿ ಒಡೀತದ. ಮುಂದಿನ ಅಮಾಸಿಗೆ ಸುಣ್ಣ ಇನ್ನಷ್ಟು ಹಾಕಿದೆ. ಮೊದಲ ಅಡಿಕಿಯಷ್ಟು. ನಿನ್ನೆ ನಿಂಬಿಹಣ್ಣಿನಷ್ಟು."

ಆಗ ನನಗೆ ಪೂರ್ತಿ ತಿಳಿಯಿತು. ನೀರು ಬೆಳ್ಳಗಾಯಿತೆಂದು ಹೆದರಿ ಸುಣ್ಣ ಹಾಕುವುದು; ಸುಣ್ಣ ಬಿದ್ದದ್ದಕ್ಕೆ ನೀರು ಬೆಳ್ಳಗಾಗುವುದು. ಹೆದರಿಕೆ ತನ್ನ ಬಾಲ ತಾನೇ ಹಿಡಿದು ತಿರುಗುತ್ತಿತ್ತು.

ಕ್ಯಾನಿನಲ್ಲಿ ಉಳಿದ ಹೊಸ ನೀರನ್ನು ಒಂದು ಗಾಜಿನ ಗ್ಲಾಸಿಗೆ ಸುರಿದೆ. ತಾಟಿನಲ್ಲಿ ಆರತಿಯ ಕೆಂಪು ಇನ್ನೂ ಒಂದಿಷ್ಟು ಉಳಿದಿತ್ತು, ಅದರಿಂದ ಒಂದು ಚಮಚ ಹಾಕಿದೆ. ಕೆಂಪು ಹೊಗೆಯಂತೆ ಇಳಿಯಿತು, ಹಳದಿಗೆ ತಿರುಗಿತು, ಅಳಿಸಿತು. ಅದರ ಜಾಗದಿಂದ ಬಿಳುಪು ಎದ್ದು ಗ್ಲಾಸು ತುಂಬಿತು. ಕಾರಣ ಗೊತ್ತಿದ್ದೂ ನೋಡಲು ಹೆದರಿಕೆಯಾಗುವಂಥ ನೋಟ ಅದು.

ಕಾಕು ಗ್ಲಾಸನ್ನು ತಮ್ಮತ್ತ ಎಳೆದುಕೊಂಡರು. "ಹಂಗಾರ ಅವನ ಮೀನು ನಾನಽ ಕೊಂದೆ."

ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಕಾರಣ ಸಿಕ್ಕಿತ್ತು, ಸಹಿ ಸಿಗುತ್ತಿತ್ತು. ಇನ್ನು ಹಾಕಬೇಡಿ ಎಂದು ಹೇಳಿ ಹೊರಡಬಹುದಿತ್ತು. ಆದರೆ ಮುಂದಿನ ಅಮಾವಾಸ್ಯೆಯ ಸಂಜೆ, ಫೋನು ಬರದ ಮನೆಯಲ್ಲಿ, ಈ ಹೆಂಗಸು ಕೈ ಕಟ್ಟಿ ಕೂಡುವುದಿಲ್ಲ ಎಂದು ನನಗೆ ಖಾತ್ರಿ ಇತ್ತು. ಗ್ಲಾಸಿನ ಬಿಳುಪು ಅವರಿಗೆ ಅರ್ಥವಾಗಿತ್ತು, ಭಯ ಹೋಗಿರಲಿಲ್ಲ. ಕೆಮಿಸ್ಟ್ರಿ ಬದಿಗಿಟ್ಟು ನಮ್ಮ ಮನೆಯ ಮಾತು ಎತ್ತಿದೆ.

"ಕಾಕು, ಆರತಿ ಬಿಡ್ರಿ ಅಂತ ನಾ ಹೇಳೂದಿಲ್ಲ. ದೃಷ್ಟಿ ತಗದ ನೀರು ಹೊಸ್ತಿಲ ದಾಟಿ ಹೋಗಬೇಕು, ಹೌದಿಲ್ರಿ? ನಮ್ಮ ಅತ್ತಿ ಅಂಗಳದಾಗ ಸೈತ ಚೆಲ್ಲಗೊಡೂದಿಲ್ಲ, ಮೂರು ದಾರಿ ಕೂಡೂವಲ್ಲಿಗೆ ಹೋಗು ಅಂತಾಳ. ನೀವು ಮಗನ ದೃಷ್ಟಿ ತಗದು, ತಗದದ್ದನ್ನ ತಿರುಗಿ ಅವನ ಮೈಮ್ಯಾಲೇ ಸುರೀಲಿಕ್ಕೆ ಹತ್ತೀರಿ."

ಗಡುಸಾದ ಮಾತು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕಾಕು ನನ್ನನ್ನು ನೋಡಿದರು, ತೊಟ್ಟಿಯನ್ನು ನೋಡಿದರು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಯವ್ವಾ" ಎಂದರು, ಅಷ್ಟೇ.

ತೊಟ್ಟಿಯ ನೀರನ್ನು ಒಮ್ಮೆಲೇ ಬದಲಿಸಲಿಲ್ಲ. ಹಾಗೆ ಮಾಡಿದರೆ ಮರಳಿನೊಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ; ಅಲ್ಲಿಯತನಕ ಮೀನು ಬಕೆಟ್ಟಿನಲ್ಲೇ ಇದ್ದವು. ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ತೆಗೆದು ಹಾಕಿದೆ. ಪಂಪು ಬಿಚ್ಚಿ ವಿನೆಗರಿನಲ್ಲಿ ನೆನೆಹಾಕಿ ತೊಳೆದೆ. ಗಾಳಿ ಜೋರಾಗಿ ಬಿಟ್ಟೆ, ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡ್ ಸುಣ್ಣದ ಕ್ಷಾರವನ್ನು ಮೆಲ್ಲಗೆ ಇಳಿಸುತ್ತದೆ. ವಿಷಯ ಏನೆಂದು ಸೇಠ ಕೇಳಿದಾಗ "ಪಂಪಿಗೆ ಸುಣ್ಣ ಕಟ್ಟಿತ್ತು" ಎಂದೆ. ಸುಳ್ಳಲ್ಲ.

ಮುಂದಿನ ಅಮಾವಾಸ್ಯೆಯ ಸಂಜೆ ಕಾಕು ಬರಹೇಳಿದ್ದರು. ಗಾಜಿನ ಹೊರಗೆ ನಿಂತು ಆರತಿ ಎತ್ತಿದರು. ತಾಟು ಹಿಡಿದು, ಹಿಂದೆ ತಿರುಗಿ ನೋಡದೆ ಮೆಟ್ಟಿಲಿಳಿದು ಹೋದರು. ಸೊಸೈಟಿಯ ಗೇಟಿನಾಚೆ ಮೂರು ರಸ್ತೆ ಕೂಡುತ್ತವೆ. ಯಜಮಾನರು ಇನ್ನೂ ಬಂದಿರಲಿಲ್ಲ. ಕೋಣೆಯಲ್ಲಿ ನಾನು, ಪಂಪಿನ ಸಪ್ಪಳ, ಎರಡು ಕ್ಲೌನ್ ಮೀನು, ಉಳಿದಿದ್ದ ಒಂದು ನೀಲಿ. ನೀರು ತಿಳಿಯಾಗಿತ್ತು. ಮೂರೂ ಮೀನು ಈಜುವುದನ್ನು ನಿಲ್ಲಿಸಿ ಬಾಗಿಲ ಕಡೆಗೆ ಮುಖ ಮಾಡಿ ನಿಂತವು. ರೆಕ್ಕೆ ಮಾತ್ರ ಆಡುತ್ತಿದ್ದವು. ಕಾಕು ಮೇಲೆ ಬಂದು ಕಾಲು ತೊಳೆದು ಒಳಗೆ ಬರುವತನಕ ಅವು ಅಲ್ಲಾಡಲಿಲ್ಲ. ಊಟದ ಆಸೆಗೆ ಎಂದು ಅಂದುಕೊಂಡೆ. ಊಟ ಆಗಲೇ ಹಾಕಿ ಆಗಿತ್ತು.

ಮರುದಿನವೂ ನೀರು ತಿಳಿಯಾಗಿಯೇ ಇತ್ತು.

ಪ್ರಾಜೆಕ್ಟಿನಲ್ಲಿ "ಹೊರಗಿನಿಂದ ಸೇರಿದ ಸುಣ್ಣ" ಎಂದು ಬರೆದೆ. ಸರ್ ಎದುರಿಗೆ ಬೀಕರಿನಲ್ಲಿ ಕೆಂಪು ಹಾಕಿ ಬಿಳುಪು ಎಬ್ಬಿಸಿ ತೋರಿಸಿದೆ. "ಹೊರಗಿನಿಂದ ಅಂದರೆ ಎಲ್ಲಿಂದ?" ಎಂದು ಕೇಳಿದರು. "ಮನೆಯವರ ಭಯದಿಂದ, ಸರ್" ಎಂದೆ. ಅವರು ಸ್ವಲ್ಪ ಹೊತ್ತು ಬೀಕರನ್ನು ಬೆಳಕಿಗೆ ಹಿಡಿದು ನೋಡಿ, ಸಹಿ ಮಾಡಿದರು.

ಪರೀಕ್ಷೆಯ ಮುಂಚೆ ಮಗನ ಫೋನು ಬಂತಂತೆ. ಕಾಕು ಲಾಡು ಕಟ್ಟಿಕೊಟ್ಟು ಹೇಳಿದರು. "ಮೊದಲನೇ ಮಾತೇ ಮೀನು ಹ್ಯಾಂಗದಾವ ಅಂತ. ಆರಾಮ ಅದಾನವಾ. ಒಮ್ಮೆ ಮಾತ್ರ ಭಾಳ ಹೆದರಿದ್ದನಂತ. ಮಂಜು ಕವಿದು ಹಡಗದಾಗ ಒಬ್ಬರಿಗೊಬ್ಬರು ಕಾಣವಲ್ರಾಗಿದ್ರಂತ, ಸುತ್ತ ಎಲ್ಲಾ ಬೆಳ್ಳಗ." ಯಾವಾಗ ಎಂದು ಕೇಳಿದೆ. ತೊಟ್ಟಿ ಮೊದಲ ಸಲ ಬೆಳ್ಳಗಾದ ವಾರ. ಕಾಕು ಇನ್ನೂ ಒಂದು ಮಾತು ಹೇಳಿದರು: ಆ ಮೊದಲ ಸಲ ಅವರು ಸುಣ್ಣ ಹಾಕಿರಲೇ ಇಲ್ಲ. ಬೆಳ್ಳಗಾದದ್ದನ್ನು ನೋಡಿದ ಮೇಲೆಯೇ ಆರತಿ ಶುರು ಮಾಡಿದ್ದು.

ಆ ಸಲದ್ದು ಬ್ಯಾಕ್ಟೀರಿಯಾ. ನಾನೇ ಬರೆದು ಗೆರೆ ಎಳೆದಿದ್ದೇನೆ. ಅಮೋನಿಯಾ ಹೆಚ್ಚಿತ್ತು. ಅಷ್ಟು ಹೇಳಬಲ್ಲೆ.

ಡಿಗ್ರಿ ಸರ್ಟಿಫಿಕೇಟನ್ನು ಕಾಲೇಜಿನ ಕಿಟಕಿಯಲ್ಲಿ ಕ್ಲಾರ್ಕ್ ಸಹಿ ಹಾಕಿಸಿಕೊಂಡು ಕೊಟ್ಟ. ಅಲ್ಲಿಂದ ನೇರ ಬಿಬವೇವಾಡಿಗೆ, ಅತ್ತಿಯ ಅಂಗಡಿಗೆ ಹೋದೆ. ಅವಳು ಗಿರಾಕಿಗೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಕೋಥರೂಡದ ಕಥೆಯೆಲ್ಲ ನಾನು ಅವಳಿಗೆ ಹೇಳಿದ್ದೆ.

"ಅತ್ತಿ, ಅಂಗಡಿ ಯಾವಾಗ ಮುಚ್ತಿ?" ಎಂದು ಸರ್ಟಿಫಿಕೇಟು ಮುಂದೆ ಹಿಡಿದೆ.

ಅವಳಿಗೆ ಓದಲು ಬರುವುದಿಲ್ಲ. ಕುತ್ತಿಗೆ ಚಾಚಿ ನೋಡಿದಳು. "ನಿನ್ನ ಹೆಸರು ಎಲ್ಲಿ ಅದ?" ತೋರಿಸಿದೆ. "ಅದರ ಬಾಜೂದ್ದು?"

"ಅಪ್ಪಂದು."

"ನನ್ನ ತಮ್ಮಂದು?" ಅತ್ತಿಯ ಕೈ ಮುಂದೆ ಬಂತು, ಕಾಗದದ ಹತ್ತಿರ ಬಂದು ಅಲ್ಲೇ ನಿಂತಿತು. ಬೆರಳಿನ ತುದಿಯಲ್ಲಿ ಸುಣ್ಣ ಇತ್ತು. ಅದನ್ನು ನೋಡಿಕೊಂಡು ಕೈ ಹಿಂದಕ್ಕೆ ತೆಗೆದು ಬೆನ್ನಿಗೆ ಕಟ್ಟಿಕೊಂಡಳು.

"ದೂರ ಹಿಡಿಯವಾ," ಎಂದಳು. "ನಾ ಮುಟ್ಟಿದ್ರ ಬೆಳ್ಳಗಾದೀತು."